ಪಾರ್ಸಲ್: ಒಳಗೇನಿದೆ ಎಂದು ಹೇಳದ ಮಾತು

ಹಾಸನದ ಬಸ್ ನಿಲ್ದಾಣದ ಆಸುಪಾಸಿನ ಯಾವುದೇ ಹೋಟೆಲಿನಲ್ಲಿ ‘ಎರಡು ಪ್ಲೇಟ್ ಇಡ್ಲಿ’ ಎಂದ ಕೂಡಲೇ ಗಲ್ಲಾದಲ್ಲಿ ಕುಳಿತವರಿಂದ ಬರುವ ಮರುಪ್ರಶ್ನೆ ಒಂದೇ: ‘ಇಲ್ಲೇನಾ ಅಣ್ಣಾ, ಪಾರ್ಸಲ್ಲಾ?’ ಅದೇ ಊರಿನ ರೈಲು ನಿಲ್ದಾಣದಲ್ಲಿ ಪಾರ್ಸಲ್ ಎಂದರೆ ಗೋಣಿತಟ್ಟು ಸುತ್ತಿ, ವಿಳಾಸ ಬರೆದು, ರಸೀದಿ ಪಡೆದು ಬಿಟ್ಟುಬರುವ ಸಾಮಾನು. ಚನ್ನರಾಯಪಟ್ಟಣದ ಬಡಾವಣೆಯೊಂದರಲ್ಲಿ ಬೈಕ್ ನಿಲ್ಲಿಸಿದ ಹುಡುಗ ಗೇಟಿನಾಚೆಯಿಂದ ‘ಅಕ್ಕಾ, ಪಾರ್ಸಲ್’ ಎಂದು ಕೂಗಿದರೆ ಅದು ಫೋನಿನಲ್ಲಿ ತರಿಸಿಕೊಂಡ ಸೀರೆಯೋ ಕುಕ್ಕರೋ ಆಗಿರುತ್ತದೆ. ಅರಕಲಗೂಡಿನಲ್ಲಿ ಕೆಲಸಕ್ಕೆ ಬಾರದ ನೆಂಟನೊಬ್ಬನನ್ನು ‘ಊರಿಗೆ ಪಾರ್ಸಲ್ ಮಾಡಿದೆವು’ ಎಂದು ಹೇಳಿ ನಕ್ಕರೆ, ಅಲ್ಲಿ ಕಟ್ಟಿ ಕಳುಹಿಸಲ್ಪಟ್ಟವನು ಮನುಷ್ಯ.

ಒಂದೇ ಇಂಗ್ಲಿಷ್ ಪದಕ್ಕೆ ಇಷ್ಟೊಂದು ಕೆಲಸ. ಹಾಗಾದರೆ ಕಟ್ಟಿದ ವಸ್ತುವಿಗೆ ಕನ್ನಡದಲ್ಲಿ ಹೆಸರೇ ಇರಲಿಲ್ಲವೇ?

ಇರಲಿಲ್ಲ ಎನ್ನುವಂತಿಲ್ಲ. ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇದ್ದವು, ಇಂದಿಗೂ ಇವೆ. ಸೌದೆ ಹೊರೆ, ಹುಲ್ಲಿನ ಕಂತೆ, ಸೊಪ್ಪಿನ ಕಟ್ಟು, ಬಟ್ಟೆಯ ಗಂಟು, ಭತ್ತದ ಮೂಟೆ, ಕುಂಕುಮದ ಪೊಟ್ಟಣ. ಹೊಲಕ್ಕೆ ಹೋಗುವವರ ಅನ್ನ ಬುತ್ತಿ. ಹೊಳೆನರಸೀಪುರದ ಕಡೆ ಭತ್ತದ ಗದ್ದೆ ಕೊಯ್ದು ಹಾಕಿದ ಪೈರು ಸಿವುಡು. ಹಾಸನದ ಮಾರುಕಟ್ಟೆಗೆ ಪಂಜಾಬಿನ ಜಲಂಧರದಿಂದ ಲಾರಿಗಟ್ಟಲೆ ಬರುವ ಬಿತ್ತನೆ ಆಲೂಗೆಡ್ಡೆಯನ್ನು ಯಾವ ರೈತನೂ ಪಾರ್ಸಲ್ ಎನ್ನುವುದಿಲ್ಲ. ಅದು ಮೂಟೆ, ಇಲ್ಲವೇ ಚೀಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಹೋಗಿ ನೋಡಿದರೆ ಅಲ್ಲಿ ಸಾಲಾಗಿ ಇಟ್ಟಿರುವುದು ಬೇಲು. ಈ ‘ಬೇಲು’ ಕೂಡ ಇಂಗ್ಲಿಷಿನಿಂದಲೇ ಬಂದದ್ದು. ಆದರೆ ಹೊಗೆಸೊಪ್ಪು ಬೆಳೆಯುವವನ ಬಾಯಲ್ಲಿ ಅದು ಎಷ್ಟು ಹಳತಾಗಿದೆಯೆಂದರೆ ಮೂಟೆಗೂ ಬೇಲಿಗೂ ವ್ಯತ್ಯಾಸ ಹೇಳಲು ಅವನಿಗೆ ನಿಘಂಟು ಬೇಕಿಲ್ಲ.

ಈ ಪದಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ಗುಣ ಕಾಣುತ್ತದೆ. ಹೆಸರು ಹೇಳಿದ ಮಾತ್ರಕ್ಕೆ ಒಳಗಿರುವುದು ಏನು, ಎಷ್ಟು, ಹೇಗೆ ಕಟ್ಟಿದ್ದಾರೆ ಎಂಬುದು ಅರ್ಧಕ್ಕರ್ಧ ತಿಳಿದುಬಿಡುತ್ತದೆ. ಹೊರೆ ತಲೆಯ ಮೇಲಿನದು. ಪೊಟ್ಟಣ ಅಂಗೈಯಲ್ಲಿ ಹಿಡಿಸುವಂಥದ್ದು. ಕಂತೆಗೆ ಮುಚ್ಚುಮರೆಯಿಲ್ಲ, ಗಂಟಿಗೆ ಇದೆ. ಸಕ್ಕರೆಯನ್ನು ಹೊರೆ ಕಟ್ಟಲು ಬಾರದು, ಸೌದೆಯನ್ನು ಪೊಟ್ಟಣ ಮಾಡಲು ಬಾರದು. ಪಾರ್ಸಲ್ ಎಂಬ ಮಾತು ಮಾತ್ರ ಒಳಗಿನದರ ಬಗ್ಗೆ ತುಟಿಪಿಟಕ್ಕೆನ್ನುವುದಿಲ್ಲ. ಇಡ್ಲಿಯೂ ಪಾರ್ಸಲ್, ಮೋಟಾರ್ ಸೈಕಲ್ಲೂ ಪಾರ್ಸಲ್. ಅದು ಹೇಳುವುದು ಒಂದೇ ಸಂಗತಿ: ಇದು ಇಲ್ಲಿ ಉಳಿಯುವುದಲ್ಲ, ಬೇರೆಡೆಗೆ ಹೋಗುವುದು. ಹೋಟೆಲಿನ ಪ್ರಶ್ನೆಯನ್ನೇ ಮತ್ತೆ ಗಮನಿಸಿ. ಅಲ್ಲಿ ಪಾರ್ಸಲ್ ಎಂಬುದರ ವಿರುದ್ಧ ಪದ ‘ಇಲ್ಲೇ’.

ಮೂಲದಲ್ಲಿ ಈ ಪದಕ್ಕೆ ಕಟ್ಟುವುದರ ಸಂಬಂಧವೇ ಇರಲಿಲ್ಲ ಎಂಬುದು ಕುತೂಹಲದ ವಿಷಯ. ಲ್ಯಾಟಿನ್ನಿನಲ್ಲಿ ‘ಪಾರ್ಸ್’ ಎಂದರೆ ಭಾಗ. ಅದರಿಂದ ‘ಪಾರ್ಟಿಕುಲಾ’, ಅಂದರೆ ಚಿಕ್ಕ ಭಾಗ. ಅದು ಇನ್ನಷ್ಟು ಚಿಕ್ಕದಾಗಿ ‘ಪಾರ್ಟಿಸೆಲ್ಲಾ’ ಎಂದಾಯಿತು. ಹಳೆಯ ಫ್ರೆಂಚ್‌ನಲ್ಲಿ ‘ಪಾರ್ಸೆಲ್’ ಆಗಿ, ಹದಿನಾಲ್ಕನೇ ಶತಮಾನದ ವೇಳೆಗೆ ಇಂಗ್ಲಿಷಿಗೆ ಕಾಲಿಟ್ಟಾಗಲೂ ಅರ್ಥ ಚೂರು, ಪಾಲು, ತುಂಡು ಎಂದೇ. ಭೂಮಿಯ ತುಂಡಿಗೆ ಈ ಪದ ಹೆಚ್ಚಾಗಿ ಬಳಕೆಯಾಯಿತು. ಕಟ್ಟಿದ ವಸ್ತು ಎಂಬ ಅರ್ಥ ಗಟ್ಟಿಯಾದದ್ದು ಸುಮಾರು ಹದಿನೇಳನೇ ಶತಮಾನದಲ್ಲಿ. ಇಂಗ್ಲಿಷ್ ಬಲ್ಲವರು ಇಂದಿಗೂ ಬಳಸುವ ‘ಪಾರ್ಟ್ ಅಂಡ್ ಪಾರ್ಸಲ್’ ಎಂಬ ಜೋಡಿಮಾತು ಆ ಹಳೆಯ ಅರ್ಥದ ಪಳೆಯುಳಿಕೆ. ಅಲ್ಲಿ ಎರಡೂ ಪದಗಳ ಅರ್ಥ ಒಂದೇ.

ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಬರೆಸಿದ ಕ್ರಯಪತ್ರಗಳ ಕೊನೆಯ ಷೆಡ್ಯೂಲಿನಲ್ಲಿ ‘ಆಲ್ ದಟ್ ಪೀಸ್ ಅಂಡ್ ಪಾರ್ಸಲ್’ ಎಂಬ ಒಕ್ಕಣೆ ತಪ್ಪದೆ ಇರುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ, ಪ್ರತಿ ಜಮೀನಿಗೂ 14 ಅಂಕಿಗಳ ಗುರುತಿನ ಸಂಖ್ಯೆ ಕೊಡುವ ಯೋಜನೆಯ ಇಂಗ್ಲಿಷ್ ಹೆಸರಿನಲ್ಲೂ ಜಮೀನಿನ ತುಂಡಿಗೆ ಪಾರ್ಸಲ್ ಎಂದೇ ಇದೆ. ಇದನ್ನು ಯಾರಾದರೂ ‘ಭೂಮಿಯ ಪಾರ್ಸಲ್’ ಎಂದು ಕನ್ನಡಿಸಿದರೆ, ಎರಡು ಎಕರೆ ಗದ್ದೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟಂತೆ ಕೇಳಿಸೀತು.

ಹಾಗೆ ಕೇಳಿಸುವುದಕ್ಕೆ ಕಾರಣವಿದೆ. ಜಮೀನಿನ ಅರ್ಥದಲ್ಲಿ ಪಾರ್ಸಲ್ ನಮ್ಮ ಊರುಗಳೊಳಗೆ ಬರಲೇ ಇಲ್ಲ. ಆ ಜಾಗದಲ್ಲಿ ಆಗಲೇ ಬೇರೆಯವರು ಕುಳಿತಿದ್ದರು. ಉಳುವವನಿಗೆ ಅದು ತಾಕು. ಅಣ್ಣತಮ್ಮಂದಿರಿಗೆ ಪಾಲು. ದಾಖಲೆಯಲ್ಲಿ ಹಿಸ್ಸಾ. ಸುತ್ತಲಿನ ಗಡಿ ಚೆಕ್ಕುಬಂದಿ. ಒಂದು ಸರ್ವೆ ನಂಬರನ್ನು ಅಳೆದು ಒಡೆದು ಬೇರೆ ಬೇರೆ ನಂಬರು ಮಾಡುವುದು ಪೋಡಿ. ಪೋಡಿಯಾಗದ ಜಮೀನಿನ ಕಷ್ಟ ಏನೆಂಬುದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾವ ರೈತನಿಗೂ ಗೊತ್ತು. ಪಹಣಿಯಲ್ಲಿ ಹೆಸರಿದ್ದರೂ ತನ್ನ ತುಂಡು ಎಲ್ಲಿಂದ ಎಲ್ಲಿಯವರೆಗೆ ಎಂದು ನಕ್ಷೆ ಹೇಳುವುದಿಲ್ಲ. ಮಾರಾಟಕ್ಕೂ ಸಾಲಕ್ಕೂ ತೊಡಕು. ಇಷ್ಟೊಂದು ಜಗಳ, ನ್ಯಾಯ, ನೆನಪು ಅಂಟಿಕೊಂಡ ಮಾತುಗಳನ್ನು ಹೊರಗಿನ ಪದವೊಂದು ಎಬ್ಬಿಸಿ ಕಳಿಸುವುದು ಸುಲಭವಲ್ಲ. ಬಂದ ಪದಕ್ಕೆ ಖಾಲಿ ಇದ್ದ ಜಾಗ ಸಿಕ್ಕಿದ್ದು ಬೇರೆ ಕಡೆ, ರಸ್ತೆಯ ಮೇಲೆ.

ಒಡೆಯ ಜೊತೆಗಿಲ್ಲದೆ ವಸ್ತು ಮಾತ್ರ ಊರಿಂದೂರಿಗೆ ಹೋಗುವ ಏರ್ಪಾಡು ರೈಲಿಗಿಂತ ಹಳೆಯದು. ಕಂಪನಿ ಸರ್ಕಾರದ ಕಾಲದಲ್ಲಿ ಅಂಚೆ ಸಾಮಾನುಗಳನ್ನು ಹೆಗಲ ಮೇಲಿನ ಬಿದಿರ ಅಡ್ಡೆಯ ಎರಡು ತುದಿಗೆ ಬುಟ್ಟಿ ತೂಗುಬಿಟ್ಟು ಆಳುಗಳು ಓಡೋಡುತ್ತ ಸಾಗಿಸುತ್ತಿದ್ದರು. ಇದು ನಮ್ಮ ಕಾವಡಿಯೇ. ಹಿಂದಿಯ ‘ಬಹಂಗಿ’ಯನ್ನು ಇಂಗ್ಲಿಷರು ‘ಬ್ಯಾಂಘಿ’ ಮಾಡಿಕೊಂಡು, ಈ ಸೇವೆಗೆ ಬ್ಯಾಂಘಿ ಅಂಚೆ ಎಂದು ಕರೆದರು. ಅಂದರೆ ಪಾರ್ಸಲ್ಲಿಗೆ ಅವರೇ ಇಲ್ಲಿಯ ಪದವನ್ನು ಎರವಲು ಪಡೆದ ಕಾಲವೂ ಒಂದಿತ್ತು! ಬ್ರಿಟನ್ನಿನ ಅಂಚೆ ಇಲಾಖೆ ತನ್ನ ನಾಡಿನೊಳಗೆ ಪಾರ್ಸಲ್ ಸೇವೆ ಆರಂಭಿಸಿದ್ದು 1883ರ ಆಗಸ್ಟ್ 1ರಂದು. ಬ್ಯಾಂಘಿ ಅದಕ್ಕಿಂತ ಹಳಬ.

ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ್ದೆಂದು ಹೇಳಲಾಗುವ ಈ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು. ಇಲಾಖೆ ಹೋದರೂ ‘ಅಂಚೆ’ ಎಂಬ ಹೆಸರು ಉಳಿಯಿತು. ಕಾಗದ, ಅಂಚೆಚೀಟಿ, ಓಲೆ ಎಲ್ಲಕ್ಕೂ ಕನ್ನಡ ಸಿಕ್ಕಿತು, ಪಾರ್ಸಲ್ಲಿಗೆ ಸಿಗಲಿಲ್ಲ. ಬಿಳಿ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಕೆಂಪು ಅರಗು ಕಾಯಿಸಿ ಮುದ್ರೆಯೊತ್ತಿದ ಆ ಪೆಟ್ಟಿಗೆ ಮನೆಗೆ ಬಂದರೆ ಬೀದಿಯ ಮಕ್ಕಳೆಲ್ಲ ಸೇರುತ್ತಿದ್ದ ದಿನಗಳನ್ನು ಹಿರಿಯರು ಮರೆತಿರಲಾರರು. 1877ರಲ್ಲಿ ಜಾರಿಗೆ ಬಂದ ವಿ.ಪಿ.ಪಿ. ಎಂಬ ಮೂರಕ್ಷರವೂ ಆ ಕಾಲದ ಓದುಗರಿಗೆ ಚಿರಪರಿಚಿತ. ಹಣವನ್ನು ಅಂಚೆಯವನ ಕೈಗಿತ್ತು ಪುಸ್ತಕ ಬಿಡಿಸಿಕೊಳ್ಳುವುದು. ಇಂದು ‘ಕ್ಯಾಷ್ ಆನ್ ಡೆಲಿವರಿ’ ಎಂದು ಹೊಸದಾಗಿ ಮಾರುತ್ತಿರುವುದು ಇದನ್ನೇ.

ರೈಲಿನವರು ಮಾತನ್ನು ಇನ್ನೂ ಬಿಗಿಗೊಳಿಸಿದರು. ಅವರ ಲೆಕ್ಕದಲ್ಲಿ ಮೂರು ಬಗೆ. ಪ್ರಯಾಣಿಕನ ಟಿಕೆಟ್ಟಿನ ಜೊತೆಗೆ ಹೋಗುವುದು ಲಗೇಜು. ಪ್ರಯಾಣಿಕನಿಲ್ಲದಿದ್ದರೂ ರಸೀದಿಯ ಬಲದ ಮೇಲೆ ತಾನೇ ಹೋಗುವುದು ಪಾರ್ಸಲ್. ವ್ಯಾಗನ್‌ಗಟ್ಟಲೆ ಹೋಗುವುದು ಗೂಡ್ಸು. ಒಂದೇ ಬೈಕು ಯಜಮಾನನ ಜೊತೆ ಹೋದರೆ ಲಗೇಜು, ಒಂಟಿಯಾಗಿ ಹೋದರೆ ಪಾರ್ಸಲ್. ಹೇಗೆ ಹೋದರೂ ಟ್ಯಾಂಕಿನ ಪೆಟ್ರೋಲನ್ನು ಮಾತ್ರ ಖಾಲಿ ಮಾಡಿರಬೇಕು.

ಈ ನಾಲ್ಕು ಊರುಗಳಿಗೆ ರೈಲಿನ ಪಾರ್ಸಲ್ ಒಂದೇ ಬಗೆಯಲ್ಲಿ ದಕ್ಕಲಿಲ್ಲ. ಹಾಸನ, ಹೊಳೆನರಸೀಪುರ ಎರಡೂ ಮೈಸೂರು–ಅರಸೀಕೆರೆ ಮಾರ್ಗದ ಮೇಲಿದ್ದು ಮೀಟರ್ ಗೇಜ್ ಕಾಲದಿಂದಲೂ ರೈಲು ಕಂಡವು. ಚನ್ನರಾಯಪಟ್ಟಣದವರು ಶ್ರವಣಬೆಳಗೊಳದ ಮೂಲಕ ಬೆಂಗಳೂರಿಗೆ ಹೋಗುವ ಮಾರ್ಗ 2017ರ ಮಾರ್ಚಿನಲ್ಲಿ ತೆರೆಯುವವರೆಗೆ ಕಾಯಬೇಕಾಯಿತು. ಅರಕಲಗೂಡಿಗೆ ಇಂದಿಗೂ ರೈಲಿಲ್ಲ. ಅಲ್ಲಿ ಪಾರ್ಸಲ್ ಎಂದರೆ ಬಸ್ಸೇ. ಟ್ರ್ಯಾಕ್ಟರಿನ ಬಿಡಿಭಾಗ, ಔಷಧಿಯ ಡಬ್ಬ, ಮದುವೆಯ ಕರೆಯೋಲೆಯ ಕಟ್ಟು, ಬೆಳಗಿನ ಜಾವದ ಪತ್ರಿಕೆಯ ಬಂಡಲು ಎಲ್ಲವೂ ಬಸ್ಸಿನ ಮೇಲೋ ಡ್ರೈವರ್ ಪಕ್ಕದಲ್ಲೋ ಬಂದಿಳಿದಿವೆ. ಫ್ಯಾಕ್ಸ್ ಬರುವ ಮೊದಲು ತಾಲ್ಲೂಕು ವರದಿಗಾರರ ಸುದ್ದಿಯ ಕವರೂ ಹೀಗೇ ಊರು ಸೇರುತ್ತಿತ್ತು. ‘ಇಂಥ ಬಸ್ಸಲ್ಲಿ ಕಳಿಸಿದೀನಿ, ಇಳಿಸ್ಕೊಳಿ’ ಎಂಬ ಒಂದು ಮಾತೇ ರಸೀದಿ. ಕೆ.ಎಸ್.ಆರ್.ಟಿ.ಸಿ. ಈ ವಹಿವಾಟನ್ನು ‘ನಮ್ಮ ಕಾರ್ಗೋ’ ಎಂಬ ಹೆಸರಿನಲ್ಲಿ ಕ್ರಮಬದ್ಧವಾಗಿ ಆರಂಭಿಸಿದ್ದು 2021ರ ಫೆಬ್ರುವರಿಯಲ್ಲಿ. ಹೆಸರು ಕಾರ್ಗೋ ಆದರೂ ಕೌಂಟರಿನ ಮುಂದೆ ನಿಂತವರು ಕೇಳುವುದು ‘ಪಾರ್ಸಲ್ ಹೋಗುತ್ತಾ ಸಾರ್?’ ಎಂದೇ.

ಇನ್ನು ಹೋಟೆಲಿನ ವಿಚಾರ. ಕಳುಹಿಸುವವನೂ ಪಡೆಯುವವನೂ ಒಬ್ಬನೇ ಆದರೂ, ವಿಳಾಸವಿಲ್ಲದಿದ್ದರೂ, ಅಂಚೆಯ ಈ ಪದ ಇಡ್ಲಿ ದೋಸೆಗೆ ಏಕೆ ಅಂಟಿತು? ಇಂಗ್ಲೆಂಡಿನಲ್ಲಿ ಕಟ್ಟಿಸಿಕೊಂಡು ಒಯ್ಯುವ ತಿಂಡಿಗೆ ‘ಟೇಕ್‌ಅವೇ’ ಎನ್ನುತ್ತಾರೆ. ಅಮೆರಿಕದವರಿಗೆ ಅದು ‘ಟು ಗೋ’. ಉತ್ತರ ಭಾರತದ ಹೋಟೆಲುಗಳಲ್ಲಿ ‘ಪ್ಯಾಕ್’ ಎಂಬ ಮಾತು ಹೆಚ್ಚು. ಪಾರ್ಸಲ್ ಎಂಬುದು ಕನ್ನಡ, ತಮಿಳು, ಮಲಯಾಳ, ತೆಲುಗು ಸೀಮೆಗಳ ಸೊತ್ತು. ಲಂಡನ್ನಿನಲ್ಲಿ ನಿಂತು ‘ಒನ್ ದೋಸೆ ಪಾರ್ಸಲ್’ ಎಂದರೆ ಎದುರಿನವರು ಅಂಚೆ ಕಚೇರಿಯ ದಾರಿ ತೋರಿಸಿದರೂ ಆಶ್ಚರ್ಯವಿಲ್ಲ. ಬುತ್ತಿ ಎಂಬ ಸೊಗಸಾದ ಮಾತು ಇದ್ದರೂ ಹೋಟೆಲಿನವರಿಗೆ ಅದು ಒದಗಲಿಲ್ಲ. ಬುತ್ತಿ ಮನೆಯವರು ಮನೆಯವರಿಗೆ ಕಟ್ಟುವುದು. ದುಡ್ಡು ಕೊಟ್ಟು ಅನ್ಯರ ಕೈಯಲ್ಲಿ ಕಟ್ಟಿಸಿಕೊಳ್ಳುವುದಕ್ಕೆ ಅನ್ಯ ಪದವೇ ಸರಿಹೋಯಿತೇನೋ. ಆದರೆ ಕ್ರಿಯಾಪದ ಕನ್ನಡದ್ದೇ ಉಳಿದಿದೆ ಎಂಬುದನ್ನು ಮರೆಯಬಾರದು. ‘ಎರಡು ಮಸಾಲೆ ಪಾರ್ಸಲ್ ಕಟ್ಬುಡಿ’. ಇಂದು ಪ್ಲಾಸ್ಟಿಕ್ ಡಬ್ಬಕ್ಕೆ ಮುಚ್ಚಳ ಒತ್ತುವಾಗ ಕಟ್ಟಲು ದಾರವೇ ಇಲ್ಲ. ಆದರೂ ‘ಕಟ್ಟಿ’ ಎಂದೇ ಹೇಳುತ್ತಾರೆ.

ದಾರ ಇದ್ದ ಕಾಲದ ಕೈಚಳಕ ನೋಡುವಂತಿತ್ತು. ಹಳೆಯ ಪತ್ರಿಕೆಯ ಹಾಳೆ, ಅದರ ಮೇಲೆ ಬಾಡಿಸಿದ ಬಾಳೆ ಎಲೆ, ಎಲೆಯ ಮೇಲೆ ದೋಸೆ, ಬದಿಯಲ್ಲಿ ಚಟ್ನಿಯ ಚಿಕ್ಕ ಪೊಟ್ಟಣ. ಮೇಲೆ ತೂಗುಬಿಟ್ಟ ಉಂಡೆಯಿಂದ ಬಿಳಿ ದಾರವನ್ನು ಎಳೆದು ಎರಡು ಸುತ್ತು ಸುತ್ತಿ ಬೆರಳಲ್ಲೇ ತುಂಡರಿಸುವುದು. ಸಾಂಬಾರಿಗೆ ಮನೆಯಿಂದ ಪಾತ್ರೆ ತರಬೇಕಿತ್ತು. ಪಾಲಿಥೀನ್ ಚೀಲ ಬಂದ ಮೇಲೆ ಬಿಸಿ ಸಾಂಬಾರನ್ನೂ ಅದರಲ್ಲೇ ಸುರಿದು ಗಂಟು ಹಾಕಿದರು. ಪತ್ರಿಕೆಯ ಮಸಿ ಆಹಾರಕ್ಕೆ ಸೇರುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಡಿಸೆಂಬರಿನಲ್ಲಿ ಎಚ್ಚರಿಸಿತು. ನಿನ್ನೆಯ ಪತ್ರಿಕೆಗಿದ್ದ ಒಂದು ಖಾಯಂ ಉದ್ಯೋಗ ಹಾಗೆ ತಪ್ಪಿತು. ಅದೇ ವರ್ಷದ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತ್ತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧ ಬಂತು. ಆದರೂ ಊರಾಚೆಯ ಕೆರೆ ಕೋಡಿಯಲ್ಲಿ ಸಿಕ್ಕಿಕೊಂಡಿರುವುದನ್ನು ನೋಡಿದರೆ ಪಾರ್ಸಲ್ಲಿನಲ್ಲಿ ಮನೆಗೆ ಹೋದದ್ದೆಷ್ಟು, ಹೊರಗೆ ಉಳಿದದ್ದೆಷ್ಟು ಎಂಬುದು ಗೊತ್ತಾಗುತ್ತದೆ. ಟಿಫಿನ್ ಕ್ಯಾರಿಯರ್ ಹಿಡಿದು ಹೋಟೆಲಿಗೆ ಬರುವವರು ಕಡಿಮೆಯಾದದ್ದು ನಷ್ಟವೇ ಸರಿ.

‘ಇಲ್ಲೇನಾ, ಪಾರ್ಸಲ್ಲಾ’ ಎಂಬ ಆಯ್ಕೆ ಎಲ್ಲರಿಗೂ ಸದಾ ಇತ್ತೆಂದು ಭಾವಿಸಬೇಕಿಲ್ಲ. ಮರ್ಯಾದಸ್ಥ ಮನೆಯ ಹೆಂಗಸರು ಹೋಟೆಲಿನ ಮೆಟ್ಟಿಲು ಹತ್ತುವುದು ಅಪರೂಪವಾಗಿದ್ದ ದಿನಗಳಲ್ಲಿ ಅವರ ಪಾಲಿನ ಮಸಾಲೆ ದೋಸೆ ಪಾರ್ಸಲ್ಲಿನಲ್ಲೇ ಬರಬೇಕಿತ್ತು, ತಣ್ಣಗಾಗಿ. ಮಡಿ ಬಿಗಿಯಾಗಿದ್ದ ಮನೆಗಳಲ್ಲಿ ಅದೂ ಕದ್ದು. ಇದಕ್ಕಿಂತ ಕಹಿಯಾದ ಅಧ್ಯಾಯ ಇನ್ನೊಂದಿದೆ. ಹೋಟೆಲಿನೊಳಗೆ ಸೇರಿಸದೆ ಹೊರಗೇ ನಿಲ್ಲಿಸಿ, ಎಲೆಯಲ್ಲೋ ಕಾಗದದಲ್ಲೋ ಕಟ್ಟಿ ಕೊಡುವ, ಚಹಾಕ್ಕೆ ಬೇರೆ ಲೋಟ ಇಡುವ ಪದ್ಧತಿಯನ್ನು ದಲಿತರು ಉಂಡವರು. ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೋಟೆಲಿನೊಳಗೆ ಬಿಡದಿರುವುದನ್ನು ಶಿಕ್ಷಾರ್ಹಗೊಳಿಸಿತು. 1976ರಲ್ಲಿ ಅದೇ ಕಾಯ್ದೆ ಬಿಗಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎನಿಸಿತು. ಒಳಗೆ ಕುಳಿತು ತಿನ್ನುವ ಹಕ್ಕಿಗಾಗಿ ಹೋರಾಡಿದವರ ಕಿವಿಯಲ್ಲಿ ‘ಪಾರ್ಸಲ್ ತಗೊಂಡು ಹೋಗು’ ಎಂಬ ಮಾತು ಉಳಿದವರಿಗೆ ಕೇಳಿದಷ್ಟು ಹಗುರವಾಗಿ ಕೇಳಿಸದು.

ಎಲ್ಲರಿಗೂ ಒಟ್ಟಿಗೇ ‘ಇಲ್ಲೇ’ ಇಲ್ಲವಾದದ್ದು ಕೊರೊನಾ ಕಾಲದಲ್ಲಿ. 2020ರ ಲಾಕ್‌ಡೌನಿನಲ್ಲಿ, ಮತ್ತೆ 2021ರ ಏಪ್ರಿಲ್ ಕೊನೆಯಿಂದ, ಹೋಟೆಲುಗಳಲ್ಲಿ ಕುಳಿತು ತಿನ್ನುವಂತಿರಲಿಲ್ಲ. ‘ಪಾರ್ಸಲ್ ಮಾತ್ರ’ ಎಂಬ ಎರಡು ಪದದ ಚೀಟಿ ಬಾಗಿಲಿಗೆ ಅಂಟಿತು. ಅಡ್ಡ ಇಟ್ಟ ಮೇಜಿನ ಆಚೆಯಿಂದ ಕೈ ಚಾಚಿ ಕೊಟ್ಟ ಆ ಪೊಟ್ಟಣವೇ ಎಷ್ಟೋ ಹೋಟೆಲುಗಳ ಒಲೆ ಆರದಂತೆ ನೋಡಿಕೊಂಡಿತು. ಅದೇ 2021ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂದಿದ್ದ ಪ್ರಶ್ನೆಯೊಂದು ಇಲ್ಲಿ ನೆನೆಯತಕ್ಕದ್ದು: ಕಟ್ಟಿಸಿಕೊಂಡು ಹೋದ ತಿಂಡಿಗೆ ಹಳೆಯ ಸೇವಾ ತೆರಿಗೆ ಹಾಕಬಹುದೇ? ನೀರು, ಮೇಜು, ಬಡಿಸುವವರು ಯಾವುದೂ ಇಲ್ಲದ ಮೇಲೆ ಅಲ್ಲಿರುವುದು ಸೇವೆಯಲ್ಲ, ಮಾರಾಟ. ಆದ್ದರಿಂದ ಆ ತೆರಿಗೆ ಸಲ್ಲದು ಎಂದು ನ್ಯಾಯಾಲಯ ಹೇಳಿತು. ಜಿ.ಎಸ್.ಟಿ. ಬಂದ ಮೇಲೆ ಈ ವ್ಯತ್ಯಾಸಕ್ಕೆ ಬೆಲೆಯಿಲ್ಲ, ಕುಳಿತರೂ ಕಟ್ಟಿಸಿಕೊಂಡರೂ ತೆರಿಗೆ ಒಂದೇ. ಮೇಲೆ ‘ಪಾರ್ಸಲ್ ಚಾರ್ಜು’ ಎಂದು ಐದೋ ಹತ್ತೋ ರೂಪಾಯಿ ಸೇರಿಸುವ ಹೋಟೆಲುಗಳ ಲೆಕ್ಕ ಬೇರೆ.

ಹೋಟೆಲಿನ ಪಾರ್ಸಲ್ಲಿನಲ್ಲಿ ಏನಿದೆಯೆಂದು ಕಟ್ಟಿಸಿಕೊಂಡವನಿಗೆ ಗೊತ್ತು. ಮನೆ ಬಾಗಿಲಿಗೆ ಬರುವ ಪಾರ್ಸಲ್ ಹಾಗಲ್ಲ. ಒಳಗೇನಿದೆ ಎಂದು ಹೇಳದಿರುವ ಅದರ ಗುಣ ಒಂದು ಕಾಲಕ್ಕೆ ಮಕ್ಕಳ ಖುಷಿಗೆ ಕಾರಣವಾಗಿತ್ತು. ಈಚೆಗೆ ಅದರ ಇನ್ನೊಂದು ಮುಖ ಕಾಣಿಸಿದೆ. 2022ರ ಡಿಸೆಂಬರ್ 26ರಂದು ಹಾಸನದ ಕೊರಿಯರ್ ಅಂಗಡಿಯೊಂದರಲ್ಲಿ ಮಿಕ್ಸರ್ ಸ್ಫೋಟಿಸಿ ಅಂಗಡಿಯ ಮಾಲೀಕರು ಗಾಯಗೊಂಡರು. ಮಹಿಳೆಯೊಬ್ಬರ ವಿಳಾಸಕ್ಕೆ ಬಂದು, ಅವರು ಬೇಡವೆಂದು ಹಿಂತಿರುಗಿಸಿದ್ದ ಪಾರ್ಸಲ್ ಅದು. ಜಿಲ್ಲೆಯ ಜನರಿಗೆ ಆ ಕೆಲವು ದಿನ ಪಾರ್ಸಲ್ ಎಂಬ ಪದವೇ ಅನುಮಾನದ್ದಾಗಿತ್ತು.

ಆ ಅನುಮಾನವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. 2023ರಿಂದೀಚೆಗೆ ಹೆಚ್ಚಾದ ಒಂದು ವಂಚನೆ ಆರಂಭವಾಗುವುದೇ ಈ ಪದದಿಂದ. ಫೋನು ಬರುತ್ತದೆ. ‘ನಿಮ್ಮ ಹೆಸರಿನ ಪಾರ್ಸಲ್ ಮುಂಬೈಯಲ್ಲಿ ಸಿಕ್ಕಿದೆ, ಅದರಲ್ಲಿ ಮಾದಕ ವಸ್ತು ಇದೆ, ಪಾಸ್‌ಪೋರ್ಟುಗಳಿವೆ.’ ನಾನು ಯಾವ ಪಾರ್ಸಲ್ಲೂ ಕಳಿಸಿಲ್ಲ ಎಂದರೆ, ನಿಮ್ಮ ಆಧಾರ್ ಸಂಖ್ಯೆ ಅದರ ಮೇಲಿದೆ ಎಂಬ ಉತ್ತರ. ಆಮೇಲೆ ವಿಡಿಯೊ ಕರೆಯಲ್ಲಿ ಪೊಲೀಸ್ ವೇಷದವನು ಪ್ರತ್ಯಕ್ಷನಾಗುತ್ತಾನೆ. ಕೋಣೆ ಬಿಟ್ಟು ಹೋಗಬಾರದು, ಮನೆಯವರಿಗೂ ಹೇಳಬಾರದು, ‘ಪರಿಶೀಲನೆ’ಗಾಗಿ ಖಾತೆಯ ಹಣವನ್ನು ಇಂಥ ಖಾತೆಗೆ ಹಾಕಬೇಕು. ಒಂಟಿಯಾಗಿರುವ ನಿವೃತ್ತರು, ಓದು ಬರಹ ಚೆನ್ನಾಗಿ ಬಲ್ಲ ನೌಕರರು ಸಹ ಇದಕ್ಕೆ ಸಿಕ್ಕಿ ಜೀವಮಾನದ ಉಳಿತಾಯ ಕಳೆದುಕೊಂಡಿದ್ದಾರೆ. ಪ್ರಧಾನಿಯವರು 2024ರ ಅಕ್ಟೋಬರಿನ ‘ಮನ್ ಕೀ ಬಾತ್’ನಲ್ಲಿ ಇದರ ಬಗ್ಗೆ ಎಚ್ಚರಿಸಬೇಕಾಯಿತು.

ಇಲ್ಲಿ ಹೊರೆಯೋ ಮೂಟೆಯೋ ಗಂಟೋ ಇಲ್ಲ, ತಟ್ಟಿ ನೋಡಲು ವಸ್ತುವೇ ಇಲ್ಲ. ಇರುವುದು ಪದ ಮಾತ್ರ. ಭಾರತದ ಯಾವ ಕಾನೂನಿನಲ್ಲೂ ‘ಡಿಜಿಟಲ್ ಅರೆಸ್ಟ್’ ಎಂಬುದಿಲ್ಲ, ಯಾವ ಪೊಲೀಸರೂ ಫೋನಿನಲ್ಲಿ ತನಿಖೆ ನಡೆಸಿ ಹಣ ಹಾಕಿಸಿಕೊಳ್ಳುವುದಿಲ್ಲ. ಅಂಥ ಕರೆ ಬಂದರೆ ಮಾತು ಬೆಳೆಸದೆ ಫೋನ್ ಇಡಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ದೂರು ಎಷ್ಟು ಬೇಗ ತಲುಪಿತೋ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.